ಗೆಳೆಯರಿಗೆ ಯಾವ ಮಾಯಾಲೋಕ ತೋರಿಸುವಿರಿ?



ಓದಿನ ಹವ್ಯಾಸದ ಬಗ್ಗೆ ನಾವು ನಡೆಸಿದ ಸಂವಾದದ ಚಿತ್ರೀಕರಣ ಮುಗಿಯಲು ಇನ್ನು ಎರಡು ನಿಮಿಷ ಉಳಿದಿತ್ತು. ಫ್ಲೋರ್ ಮ್ಯಾನೇಜರು ಆಗಲೇ ಬೆರಳು ಸುತ್ತಿಸಿ ‘ಮುಗಿಸಿ’ ಎಂದು ಸನ್ನೆ ಮಾಡುತ್ತಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಪಿ.ಯು. ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: “ಸರ್, ನನಗೆ ತುಂಬಾ ಇಷ್ಟವಾದ ಒಂದು ಫ್ಯಾಂಟಸಿ ಕಾದಂಬರೀನ ಗೆಳತಿಗೆ ಕೊಟ್ಟೆ. ಹತ್ತು ಪುಟ ಓದಿ ವಾಪಸು ಕೊಟ್ಟುಬಿಟ್ಟಳು. ತಪ್ಪು ಅವಳದಾ, ಪುಸ್ತಕದ್ದಾ, ನನ್ನದಾ?” ಅತಿಥಿಗಳು ನಕ್ಕರು, ವೇಳೆ ಮುಗಿಯಿತು, ದೀಪಗಳು ಆರಿದವು. ಉತ್ತರ ಹಾಗೆಯೇ ಉಳಿದುಹೋಯಿತು. ಆ ಬಾಕಿಯನ್ನು ಈ ಪುಟಗಳಲ್ಲಿ ತೀರಿಸಲು ಯತ್ನಿಸುತ್ತೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುವೆ. ನನ್ನ ಅಕ್ಕನ ಮಗಳು ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ಬಂದಾಗ ನಾನು ಉತ್ಸಾಹದಿಂದ ಟೋಲ್ಕಿನ್‌ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೊದಲ ಸಂಪುಟವನ್ನು ಉಡುಗೊರೆಯಾಗಿ ಕೊಟ್ಟೆ. 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ ಈ ಕೃತಿ ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ತೆರೆದುಕೊಳ್ಳುವುದೇ ಹಾಬಿಟ್ ಎಂಬ ಕುಳ್ಳ ಜನರ ಮನೆ, ವಂಶ, ಅವರು ಸೇದುವ ಸೊಪ್ಪು ಇತ್ಯಾದಿಗಳನ್ನು ಕುರಿತ ದೀರ್ಘವಾದ ಪೀಠಿಕೆಯಿಂದ. ಹುಡುಗಿ ನಿಘಂಟು ಹಿಡಿದು ಮೂರು ದಿನ ಆ ಸೊಪ್ಪಿನ ಪುರಾಣವನ್ನೇ ಓದಿದಳು. ಮುಂದಿನ ಸಲ ನಾನು ಹೋದಾಗ ಪುಸ್ತಕ ಟಿ.ವಿ. ಸ್ಟ್ಯಾಂಡಿನ ಕೆಳಗಿತ್ತು. “ಮಾಮ, ನಂಗೆ ಇಂಗ್ಲಿಷ್ ಬರಲ್ಲ ಅನ್ನೋದು ಗೊತ್ತಾಯ್ತು” ಎಂದಳು. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕ ಬಿಟ್ಟರೆ ಬೇರೆ ಇಂಗ್ಲಿಷ್ ಪುಸ್ತಕವನ್ನು ಅವಳು ಮುಟ್ಟಲಿಲ್ಲ. ತಪ್ಪಾದ ಶಿಫಾರಸು ಮಾಡುವ ಹಾನಿ ಇದೇ: ಪುಸ್ತಕ ಹಿಡಿಸಲಿಲ್ಲ ಎಂದು ಓದುಗ ಹೇಳುವುದಿಲ್ಲ, ‘ನನಗೆ ಯೋಗ್ಯತೆ ಇಲ್ಲ’ ಎಂದುಕೊಳ್ಳುತ್ತಾನೆ.

ಹಾಗಾದರೆ ಯಾರಿಗೆ ಯಾವುದನ್ನು ಕೊಡಬೇಕು? ಇದನ್ನು ತಿಳಿಯಬೇಕಾದರೆ ಫ್ಯಾಂಟಸಿ ಕಾದಂಬರಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಅಲ್ಲಿ ಏನು ಬೇಕಾದರೂ ಆಗಬಹುದು ಎಂದು ಹಲವರು ತಿಳಿದಿದ್ದಾರೆ. ನಿಜ ಸಂಗತಿ ತದ್ವಿರುದ್ಧ. ಚಂದಮಾಮ ನಿಂತುಹೋಗಿ ವರ್ಷಗಳಾದರೂ ಅದರ ಬೇತಾಳನ ಕಥೆಯನ್ನು ನಿಮ್ಮ ಮನೆಯ ಹಿರಿಯರು ಇನ್ನೂ ಮರೆತಿರಲಾರರು. ಉತ್ತರ ಗೊತ್ತಿದ್ದೂ ರಾಜ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ. ಬಾಯಿ ಬಿಟ್ಟರೆ ಮೌನ ಮುರಿದು ಬೇತಾಳ ಮತ್ತೆ ಮರ ಸೇರುತ್ತದೆ. ಎರಡೇ ನಿಯಮಗಳು. ಅವುಗಳ ನಡುವೆ ರಾಜ ಸಿಕ್ಕಿಬಿದ್ದಿರುವುದರಿಂದಲೇ ಕಥೆ ನಡೆಯುತ್ತದೆ. ಹೆಣ ಮಾತಾಡುವುದನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಒಂದು ರಾತ್ರಿ ರಾಜ ಮಾತಾಡಿಯೂ ಬೇತಾಳ ಹಾರದೆ ಕುಳಿತರೆ, ‘ಇದೇನು ಮೋಸ!’ ಎಂದು ಏಳು ವರ್ಷದ ಮಗುವೂ ಕೇಳುತ್ತದೆ.

ಎ.ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿಗೆ ತಂದ ಕನ್ನಡ ಜನಪದ ಕಥೆಯೊಂದಿದೆ, ಹೂವಿನ ಮರವಾಗುವ ಹುಡುಗಿಯದು. ಅದರ ಹೆಸರನ್ನೇ ಹೊತ್ತ ಅವರ ಕಥಾಸಂಕಲನ ಅವರು ತೀರಿಕೊಂಡ ಮೇಲೆ, 1997ರಲ್ಲಿ ಪ್ರಕಟವಾಯಿತು. ಒಂದು ಕೊಡ ನೀರು ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಮನುಷ್ಯಳಾಗುತ್ತಾಳೆ. ನಡುವೆ ಹೂ ಬಿಡಿಸುವವರು ಒಂದು ತೊಟ್ಟನ್ನೂ ಮುರಿಯಕೂಡದು. ಮುರಿದರೆ ಏನಾಗುತ್ತದೆ ಎಂಬುದೇ ಕಥೆ. ಇದೇ ಕಥೆಯಿಂದ ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. ಮಾಯೆಗೆ ನಿಯಮವಿದೆ, ನಿಯಮ ಮುರಿದರೆ ತೆರಬೇಕಾದ ಬೆಲೆಯಿದೆ. ವಿಜ್ಞಾನ ಓದಿದ ನನಗೆ ಫ್ಯಾಂಟಸಿ ಹಿಡಿಸುವುದೂ ಈ ಕಾರಣಕ್ಕೇ. ಶೂನ್ಯದಿಂದ ಶಕ್ತಿ ಹುಟ್ಟುವುದಿಲ್ಲ ಎಂದು ನಿಮ್ಮ ಭೌತಶಾಸ್ತ್ರದ ಪುಸ್ತಕ ಹೇಳುತ್ತದಲ್ಲ, ಒಳ್ಳೆಯ ಮಾಂತ್ರಿಕ ಕಥೆಯೂ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ.

ಈ ದೃಷ್ಟಿಯಿಂದ ನಾನು ಎಲ್ಲಕ್ಕಿಂತ ಮುಂದೆ ಇಡುವ ಪುಸ್ತಕ ಅಮೆರಿಕದ ಲೇಖಕಿ ಅರ್ಸುಲಾ ಲೆಗ್ವಿನ್‌ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’. ಬರ್ಕ್ಲಿಯ ಒಂದು ಪುಟ್ಟ ಪ್ರಕಾಶನ ಸಂಸ್ಥೆ ‘ದೊಡ್ಡ ಮಕ್ಕಳಿಗೆ ಏನಾದರೂ ಬರೆದುಕೊಡಿ’ ಎಂದು ಕೇಳಿದ್ದರಿಂದ ಹುಟ್ಟಿ 1968ರಲ್ಲಿ ಬಂದ ಕಾದಂಬರಿ ಇದು. ಕಥೆಗಳಲ್ಲಿ ಮಾಂತ್ರಿಕರೆಲ್ಲ ಬಿಳಿಗಡ್ಡದ ಮುದುಕರೇ. ಅವರೂ ಒಂದು ಕಾಲಕ್ಕೆ ಹುಡುಗರಾಗಿದ್ದಿರಬೇಕಲ್ಲ, ಆ ವಿದ್ಯೆಯನ್ನು ಕಲಿತದ್ದಾದರೂ ಎಲ್ಲಿ? ಲೇಖಕಿಗೆ ಬಂದ ಪ್ರಶ್ನೆ ಇದು. ಮಾಂತ್ರಿಕರ ಶಾಲೆ ಎಂದೊಡನೆ ನಿಮಗೆ ಹ್ಯಾರಿ ಪಾಟರ್ ನೆನಪಾಗಬಹುದು. ಆ ಸರಣಿಯ ಮೊದಲ ಪುಸ್ತಕ ಬಂದದ್ದು 1997ರಲ್ಲಿ, ಅಂದರೆ ಇಪ್ಪತ್ತೊಂಬತ್ತು ವರ್ಷಗಳ ನಂತರ.

ದ್ವೀಪಗಳದೇ ಒಂದು ಲೋಕ. ಅದರಲ್ಲಿ ಗಾಂಟ್ ಎಂಬ ಗುಡ್ಡಗಾಡು ದ್ವೀಪದ ಆಡು ಕಾಯುವ ಹುಡುಗನೊಬ್ಬ ತನ್ನ ಚಿಕ್ಕಮ್ಮ ಹೇಳಿದ ಮಂತ್ರವನ್ನು ಕದ್ದು ಕೇಳಿ ತಾನೂ ಕೂಗುತ್ತಾನೆ. ಆಡುಗಳೆಲ್ಲ ಓಡಿಬಂದು ಸುತ್ತುವರಿಯುತ್ತವೆ. ಕೊಂಬಿಗೆ ಕೊಂಬು ತಾಗಿಸಿ ಮೈಮೇಲೇ ಒತ್ತಿಬರುತ್ತವೆ. ಕರೆಯುವ ಮಾತು ಗೊತ್ತು, ಬಿಡಿಸುವ ಮಾತು ಗೊತ್ತಿಲ್ಲ! ಮುಂದೆ ಅವನು ಮಾಡಲಿರುವ ದೊಡ್ಡ ತಪ್ಪಿನ ಬೀಜ ಮೊದಲ ಪುಟಗಳಲ್ಲೇ ಇದೆ.

ಅರ್ಥ್‌ಸೀಯ ನಿಯಮ ಏನೆಂದರೆ, ಪ್ರತಿಯೊಂದು ವಸ್ತುವಿಗೂ ಜೀವಿಗೂ ಒಂದು ನಿಜನಾಮವಿದೆ. ಅದನ್ನು ಬಲ್ಲವನಿಗೆ ಅದರ ಮೇಲೆ ಅಧಿಕಾರವಿದೆ. ಆದ್ದರಿಂದ ಜನ ತಮ್ಮ ನಿಜನಾಮವನ್ನು ಬಚ್ಚಿಟ್ಟುಕೊಂಡು ಕರೆಯುವ ಹೆಸರೊಂದನ್ನು ಇಟ್ಟುಕೊಳ್ಳುತ್ತಾರೆ. ನಮ್ಮ ಹುಡುಗನ ನಿಜನಾಮ ಗೆಡ್. ಊರಿಗೆಲ್ಲ ಅವನು ಒಂದು ಗಿಡುಗನ ಹೆಸರಿನವನು. ಕಲ್ಲನ್ನು ವಜ್ರದಂತೆ ತೋರಿಸುವುದು ಸುಲಭದ ಕಣ್ಕಟ್ಟು. ನಿಜವಾಗಿ ವಜ್ರವನ್ನಾಗಿ ಮಾಡಿದರೆ ಲೋಕದಿಂದ ಒಂದು ಕಲ್ಲು ಹೋಗಿ ಒಂದು ವಜ್ರ ಸೇರಿದಂತೆ, ಅಷ್ಟರಮಟ್ಟಿಗೆ ಲೋಕದ ಸಮತೋಲ ಅಲುಗಿದಂತೆ. ಗೆಡ್‌ನ ಮೊದಲ ಗುರು ಓಗಿಯನ್ ಮಳೆ ಬಂದರೆ ಅದನ್ನು ಅತ್ತ ಓಡಿಸುವುದಿಲ್ಲ, ಸುಮ್ಮನೆ ನೆನೆಯುತ್ತಾನೆ. ಹುಡುಗನಿಗೆ ಇದು ಅವಮಾನವಾಗಿ ಕಾಣುತ್ತದೆ. ಶಾಲೆಗೆ ಹೋಗಿ, ಹೊಟ್ಟೆಕಿಚ್ಚಿನ ಪಂದ್ಯವೊಂದರಲ್ಲಿ ತನ್ನ ಶಕ್ತಿಗೆ ಮೀರಿದ ಮಂತ್ರವನ್ನು ಪ್ರಯೋಗಿಸುತ್ತಾನೆ. ನೆರಳಿನಂಥದೊಂದು ಲೋಕದೊಳಕ್ಕೆ ನುಗ್ಗಿಬರುತ್ತದೆ. ಅದನ್ನು ಮುಚ್ಚಲು ಹೋಗಿ ಪ್ರಾಣ ಕಳೆದುಕೊಳ್ಳುವವನು ಬೇರೊಬ್ಬ. ಆಮೇಲಿನದನ್ನು ನಾನು ಹೇಳಲಾರೆ. ಆದರೆ ಎಲ್ಲರೂ ದೂರ ಸರಿದಿದ್ದಾಗ ವೆಚ್ ಎಂಬ ಗೆಳೆಯ ತನ್ನ ನಿಜನಾಮವನ್ನು ಗೆಡ್‌ಗೆ ಹೇಳಿ ಹೋಗುವ ಒಂದು ಪ್ರಸಂಗವಿದೆ. ನಾಲ್ಕೇ ಸಾಲು. ನನ್ನ ಮಟ್ಟಿಗೆ ಪುಸ್ತಕದ ಹೃದಯ ಅಲ್ಲಿದೆ.

ಹೆಸರಿನ ಈ ಗುಟ್ಟು ನಮಗೆ ತೀರ ಅಪರಿಚಿತವಲ್ಲ. ಗಂಡನ ಹೆಸರನ್ನು ನೇರವಾಗಿ ಹೇಳದೆ ಮದುವೆಯಲ್ಲಿ ಒಡಪು ಕಟ್ಟಿ ಹೇಳುವ ಅಜ್ಜಿಯರನ್ನು ನೀವು ಕಂಡಿರಬಹುದು. ಲೆಗ್ವಿನ್‌ರ ಮನೆಯಲ್ಲೂ ಹೆಸರಿನ ಕಥೆಯೊಂದಿತ್ತು. ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞರು. 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯಾಹಿ ಬುಡಕಟ್ಟಿನ ಕೊನೆಯ ಮನುಷ್ಯ ಒಂಟಿಯಾಗಿ ಕಾಡಿನಿಂದ ಹೊರಬಂದಾಗ, ಅವನನ್ನು ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಇರಿಸಿಕೊಂಡವರು ಅವರು. ತನ್ನ ಹೆಸರನ್ನು ತಾನೇ ಹೇಳುವುದು ಅವನ ಜನರ ಪದ್ಧತಿಯಲ್ಲಿ ಇರಲಿಲ್ಲ. ಪರಿಚಯಿಸಲು ಬೇರೆಯವರು ಯಾರೂ ಉಳಿದಿರಲಿಲ್ಲ. ಹಾಗಾಗಿ ‘ಇಶಿ’ ಎಂದು ಕರೆದರು. ಅವರ ಭಾಷೆಯಲ್ಲಿ ಅದರ ಅರ್ಥ ‘ಮನುಷ್ಯ’, ಅಷ್ಟೇ. 1916ರಲ್ಲಿ ಅವನು ಸತ್ತಾಗ ನಿಜವಾದ ಹೆಸರೂ ಅವನೊಂದಿಗೇ ಹೋಯಿತು. ಲೆಗ್ವಿನ್ ಹುಟ್ಟಿದ್ದು 1929ರಲ್ಲಿ. ಇಶಿಯನ್ನು ಅವರು ಕಂಡವರಲ್ಲ. ಆದರೆ ಅವನ ಜೀವನಚರಿತ್ರೆಯನ್ನು 1961ರಲ್ಲಿ ಬರೆದವರು ಅವರ ತಾಯಿ ಥಿಯೊಡೋರಾ. ಅರ್ಥ್‌ಸೀಯ ನಿಯಮ ಇದರಿಂದಲೇ ಬಂತೆಂದು ನಾನು ವಾದಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಓದಿದಾಗ ಮೈ ಜುಮ್ಮೆನ್ನುವುದಂತೂ ನಿಜ.

ನಮ್ಮ ಕಸುಬಿನವರ ಪ್ರತಾಪವನ್ನೂ ಹೇಳಬೇಕು. ಗೆಡ್ ಕಂದು ಮೈಬಣ್ಣದವನು. ಅರ್ಥ್‌ಸೀಯ ಬಹುಪಾಲು ಜನ ಕಂದು ಅಥವಾ ಕಪ್ಪು ಬಣ್ಣದವರು. ಲೇಖಕಿ ಬೇಕೆಂದೇ ಹಾಗೆ ಬರೆದರು. 2004ರಲ್ಲಿ ಅಮೆರಿಕದ ಟೆಲಿವಿಷನ್ ವಾಹಿನಿಯೊಂದು ಇದನ್ನು ಕಿರುಧಾರಾವಾಹಿಯಾಗಿ ಮಾಡಿದಾಗ ನಾಯಕನ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿದರು. ಸಾಲದ್ದಕ್ಕೆ ನಿಜನಾಮವನ್ನೂ ಕರೆಯುವ ಹೆಸರನ್ನೂ ಅದಲುಬದಲು ಮಾಡಿದರು! ಲೆಗ್ವಿನ್ ಬಹಿರಂಗವಾಗಿಯೇ ಪ್ರತಿಭಟಿಸಿ ಬರೆದರು. ಜರ್ಮನಿಯ ಮಿಖಾಯೆಲ್ ಎಂಡೆಯವರ ಗೋಳೂ ಇಂಥದ್ದೇ. 1979ರ ಅವರ ‘ಮುಗಿಯದ ಕಥೆ’ (ಇಂಗ್ಲಿಷಿನಲ್ಲಿ ‘ದಿ ನೆವರೆಂಡಿಂಗ್ ಸ್ಟೋರಿ’) ಎಂಬ ಕಾದಂಬರಿಯಲ್ಲಿ ಬಾಸ್ಟಿಯನ್ ಎಂಬ ಹುಡುಗ ತಾನು ಓದುತ್ತಿರುವ ಪುಸ್ತಕದೊಳಕ್ಕೇ ಹೋಗಿಬಿಡುತ್ತಾನೆ. ಅಲ್ಲಿ ಅವನು ಬಯಸಿದ್ದೆಲ್ಲ ಆಗುತ್ತದೆ. ಆದರೆ ಒಂದೊಂದು ಬಯಕೆಗೂ ತನ್ನ ಮನೆಯ, ತನ್ನ ಹಿಂದಿನ ಬದುಕಿನ ಒಂದೊಂದು ನೆನಪು ಅಳಿಸಿಹೋಗುತ್ತದೆ, ಅದೂ ಅವನಿಗೆ ಅರಿವಾಗದಂತೆ. 1984ರ ಸಿನಿಮಾ ತೆಗೆದುಕೊಂಡದ್ದು ಪುಸ್ತಕದ ಮೊದಲ ಅರ್ಧವನ್ನು ಮಾತ್ರ. ಬೆಲೆ ತೆರುವ ಅರ್ಧ ಬಿಟ್ಟೇಹೋಯಿತು, ಎಂಡೆ ಸಿಟ್ಟಾದರು. ಇನ್ನೊಂದು ಮಾತು: ಇಂಗ್ಲಿಷಿನಲ್ಲಿ ಸಿಗುವ ಈ ಪುಸ್ತಕವೇ ಒಂದು ಅನುವಾದ. ಇಂಗ್ಲಿಷರೂ ಇದನ್ನು ಇನ್ನೊಂದು ಭಾಷೆಯಿಂದ ಕಡ ತಂದೇ ಓದಿದ್ದು ಎಂದು ಅಂಜುವ ಗೆಳೆಯರಿಗೆ ಹೇಳಿ.

ನಗು ಬೇಕೆನ್ನುವವರಿಗೆ ಬ್ರಿಟನ್ನಿನ ಡಯಾನಾ ವಿನ್ ಜೋನ್ಸ್ ಇದ್ದಾರೆ. ‘ಹೌಲ್ಸ್ ಮೂವಿಂಗ್ ಕ್ಯಾಸಲ್’ (1986) ಕಾದಂಬರಿಯ ಸೋಫಿ ಟೋಪಿ ಅಂಗಡಿಯ ಹುಡುಗಿ, ಮೂವರು ಅಕ್ಕತಂಗಿಯರಲ್ಲಿ ಹಿರಿಯವಳು. ಕಥೆಗಳಲ್ಲಿ ಗೆಲ್ಲುವವರು ಯಾವಾಗಲೂ ಕೊನೆಯವರೇ ಆದ್ದರಿಂದ ತನಗೇನೂ ಒಳ್ಳೆಯದಾಗದೆಂದು ನಂಬಿ ಕೂತವಳು. ಮಾಟಗಾತಿ ಅವಳನ್ನು ಮುದುಕಿಯನ್ನಾಗಿ ಮಾಡಿದ ಮೇಲೆಯೇ ಅವಳಿಗೆ ಬಾಯಿ ಬರುವುದು! ‘ನಡೆದಾಡುವ ಕೋಟೆ ಎಂಬ ಪುಸ್ತಕ ಬರೆಯಿರಿ’ ಎಂದು ಲೇಖಕಿಗೆ ಸೂಚಿಸಿದವನು ಅವರು ಭೇಟಿ ಕೊಟ್ಟ ಶಾಲೆಯೊಂದರ ಹುಡುಗ. ಅವನ ಹೆಸರು ಬರೆದ ಚೀಟಿಯನ್ನು ಎಷ್ಟು ಜೋಪಾನವಾಗಿ ಎತ್ತಿಟ್ಟರೆಂದರೆ ಆಮೇಲೆ ಅವರಿಗೇ ಸಿಗಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಫಿಲಿಪ್ ಪುಲ್‌ಮನ್‌ರ ಮೂರು ಸಂಪುಟಗಳು (1995, 1997, 2000). ಅಲ್ಲಿ ಮನುಷ್ಯನ ಆತ್ಮ ಪ್ರಾಣಿಯ ರೂಪದಲ್ಲಿ ಮೈಯ ಹೊರಗೆ ಜೊತೆಗೇ ನಡೆಯುತ್ತದೆ. ಮಕ್ಕಳದು ರೂಪ ಬದಲಿಸುತ್ತಿರುತ್ತದೆ, ದೊಡ್ಡವರದು ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ಎರಡನೆಯ ಸಂಪುಟದಲ್ಲಿ ಡಾರ್ಕ್ ಮ್ಯಾಟರ್ ಕುರಿತು ಸಂಶೋಧನೆ ಮಾಡುವ ಭೌತವಿಜ್ಞಾನಿಯೊಬ್ಬಳು ಬರುತ್ತಾಳೆ. ಧರ್ಮಪೀಠದ ಅಧಿಕಾರವನ್ನು ಈ ಪುಸ್ತಕಗಳು ಕಟುವಾಗಿ ಟೀಕಿಸುತ್ತವೆ, ಆದ್ದರಿಂದ ಕೊಡುವ ಮೊದಲು ಅದನ್ನು ತಿಳಿಸುವುದು ನ್ಯಾಯ. ಮಾಯೆ ಮಂತ್ರವೆಂದರೆ ಮೂಗು ಮುರಿಯುವ ಗೆಳೆಯನಿಗೆ ಇವು ಯಾವುವೂ ಬೇಡ. ತೇಜಸ್ವಿಯವರ ‘ಕರ್ವಾಲೊ’ (1980) ಕೊಡಿ. ಅದರಲ್ಲಿ ಮಂತ್ರ ಒಂದಿಷ್ಟೂ ಇಲ್ಲ. ಹಾರುವ ಓತಿಯನ್ನು ಹುಡುಕಿಕೊಂಡು ಪಶ್ಚಿಮಘಟ್ಟದ ಕಾಡಿಗೆ ನುಗ್ಗುವ ಆ ತಂಡದ ಬೆನ್ನು ಹತ್ತಿದವನು ಆಮೇಲೆ ತಾನಾಗಿ ಬೇರೆ ಲೋಕಗಳನ್ನು ಕೇಳಿಕೊಂಡು ಬರುತ್ತಾನೆ.

ಕೊಡುವ ಮುನ್ನ ಎದುರಿನವರನ್ನು ಸ್ವಲ್ಪ ಮಾತಿಗೆಳೆಯಿರಿ. ಅವರು ಇತ್ತೀಚೆಗೆ ಪೂರ್ತಿ ಓದಿದ ಪುಸ್ತಕ ಯಾವುದು, ಅರ್ಧಕ್ಕೆ ಬಿಟ್ಟದ್ದು ಯಾವುದು? ಬಿಟ್ಟ ಪುಸ್ತಕದಿಂದ ತಿಳಿಯುವುದೇ ಹೆಚ್ಚು. ಪರೀಕ್ಷೆ ಹತ್ತಿರವಿದ್ದವರಿಗೆ ಮೂರು ಸಂಪುಟ ಹೊರಿಸಬೇಡಿ. ಕಥೆಯ ಮೊದಲ ಹತ್ತು ಪುಟಗಳನ್ನು ನಿಮ್ಮ ಮಾತಿನಲ್ಲಿ, ನೀವು ಮನೆಯಲ್ಲಾಡುವ ಕನ್ನಡದಲ್ಲಿ ಹೇಳಿಬಿಡಿ. ಅಪರಿಚಿತ ಹೆಸರುಗಳ ಮೊದಲ ಅಂಜಿಕೆ ಅಲ್ಲೇ ಕಳೆಯುತ್ತದೆ. ಆ ಲೋಕದ ನಿಯಮವನ್ನು ಹೇಳಿ, ಬೆಲೆಯನ್ನು ಮಾತ್ರ ಹೇಳಬೇಡಿ. 1994ರಲ್ಲಿ ದೂರದರ್ಶನದಲ್ಲಿ ‘ಚಂದ್ರಕಾಂತಾ’ ಬರುತ್ತಿದ್ದಾಗ ನಾವು ಹೈಸ್ಕೂಲು ಹುಡುಗರು ಸೋಮವಾರ ಮಾಡುತ್ತಿದ್ದುದು ಇದನ್ನೇ. ಮನೆಯಲ್ಲಿ ಟಿ.ವಿ. ಇಲ್ಲದ ಗೆಳೆಯರು ನಮ್ಮ ವರದಿಯನ್ನು ಕೇಳಿ ಮುಂದಿನ ಭಾನುವಾರ ಯಾರದಾದರೂ ಮನೆಯ ಬಾಗಿಲಲ್ಲಿ ಬಂದು ನಿಂತಿರುತ್ತಿದ್ದರು.

ಅಕ್ಕನ ಮಗಳಿಗೆ ಎರಡನೆಯ ಸಲ ನಾನು ಹಾಗೆಯೇ ಮಾಡಿದೆ. ಒಂದು ಸಂಜೆ ಕರೆಂಟು ಹೋಗಿತ್ತು, ಜಗಲಿಯಲ್ಲಿ ಕುಳಿತು ಆಡುಗಳು ಸುತ್ತುವರಿದ ಕಥೆ ಹೇಳಿ ಅಲ್ಲಿಗೇ ನಿಲ್ಲಿಸಿದೆ. “ಆಮೇಲೆ ಬಿಡಿಸಿದ್ದು ಯಾರು ಮಾಮ?” ಎಂದಳು. ಪುಸ್ತಕ ಕೈಗಿಟ್ಟೆ. ಹನ್ನೊಂದು ದಿನಕ್ಕೆ ಮುಗಿಸಿ ಫೋನು ಮಾಡಿದಳು, ನಿಘಂಟು ಮೂರನೆಯ ಅಧ್ಯಾಯದವರೆಗೆ ಮಾತ್ರ ಬೇಕಾಯಿತಂತೆ. ಅದೇ ಉತ್ಸಾಹದಲ್ಲಿ ಹಾಸ್ಟೆಲಿನ ಕೋಣೆಯ ಗೆಳತಿಗೂ ಅದನ್ನೇ ಕೊಟ್ಟಳು. ಆ ಹುಡುಗಿ ಇಪ್ಪತ್ತು ಪುಟ ಓದಿ, “ಆಡು ಮೇಯಿಸಿ ಸಾಕಾಗೇ ಹಾಸ್ಟೆಲಿಗೆ ಬಂದಿದೀನಿ, ಇಲ್ಲೂ ಅದೇನಾ!” ಎಂದು ವಾಪಸು ಕೊಟ್ಟಳಂತೆ. ಈ ಸಲ ನನ್ನ ಸೊಸೆ ನೊಂದುಕೊಳ್ಳಲಿಲ್ಲ. ನಿನಗೆ ಯಾವ ಥರದ್ದು ಬೇಕು ಎಂದು ಕೇಳಿ, ನನ್ನಲ್ಲಿದ್ದ ನಡೆದಾಡುವ ಕೋಟೆಯನ್ನು ತೆಗೆದುಕೊಂಡು ಹೋಗಿ ಕೊಟ್ಟಳು. ಅದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತ ಈಗ ಮೂರನೆಯ ಮಹಡಿಯಲ್ಲಿ ಯಾರ ಬಳಿಯೋ ಇದೆಯಂತೆ.