ಪಾದ ಮತ್ತು ಹಿಮ್ಮಡಿ ನೋವು: ಕಾರಣ ತಿಳಿದರೆ ಅರ್ಧ ಪರಿಹಾರ

ಫಜ್ರ್ ನಮಾಝ್‌ಗೆಂದು ಎದ್ದು ಕಾಲು ನೆಲಕ್ಕಿಟ್ಟ ಕೂಡಲೇ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗುತ್ತದೆಯೇ? ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾಗುತ್ತದೆಯೇ? ಹಾಗಾದರೆ ಹಿಮ್ಮಡಿಯಿಂದ ಬೆರಳುಗಳವರೆಗೆ ಪಾದದಡಿ ಹರಡಿರುವ ದಪ್ಪ ಪಟ್ಟಿಗೆ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು. 40ರಿಂದ 60 ವರ್ಷದವರಲ್ಲಿ ಇದು ಸಾಮಾನ್ಯ.

ಎಲ್ಲ ಪಾದ ನೋವೂ ಒಂದೇ ಅಲ್ಲ. ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿದರೆ ಯೂರಿಕ್ ಆಸಿಡ್ ಹೆಚ್ಚಿರಬಹುದು. ಎರಡೂ ಪಾದಗಳ ಗಂಟುಗಳು ಬೆಳಿಗ್ಗೆ ಬಹಳ ಹೊತ್ತು ಬಿಗಿದಿದ್ದರೆ ಅದು ಸಂಧಿವಾತದ ಸೂಚನೆಯಾಗಿರಬಹುದು.

ಹೆಚ್ಚಿದ ದೇಹತೂಕ, ಸಿಮೆಂಟ್ ನೆಲದಲ್ಲಿ ಬರಿಗಾಲಲ್ಲಿ ಗಂಟೆಗಟ್ಟಲೆ ಅಡುಗೆ ಕೆಲಸ, ಅಂಗಡಿ-ಗ್ಯಾರೇಜುಗಳಲ್ಲಿ ದಿನವಿಡೀ ನಿಂತಿರುವುದು, ಸವೆದ ಚಪ್ಪಲಿ ಇವೆಲ್ಲ ನೋವನ್ನು ಹೆಚ್ಚಿಸುತ್ತವೆ. ಎಂದೂ ನಡೆಯದವರು ಒಮ್ಮೆಲೇ ತೆಳು ಚಪ್ಪಲಿಯಲ್ಲಿ ದುರ್ಗದ ಕೋಟೆ ಹತ್ತಿದರೂ ಪಾದ ದೂರು ಹೇಳುತ್ತದೆ.

ನಮ್ಮ ಜಿಲ್ಲೆಗೆ ಇನ್ನೊಂದು ಚಿಂತೆಯಿದೆ. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಗಂಟುಗಳು ನೋಯುತ್ತವೆ, ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲೇ ಇರಲಿ, ಕೊಳವೆಬಾವಿ ನೀರು ಕುಡಿಯುವವರು ಅದನ್ನು ಪರೀಕ್ಷೆ ಮಾಡಿಸಿಕೊಳ್ಳಿ.

ನೋಯುವ ಪಾದಕ್ಕಿಂತ ಜೋಮು ಹಿಡಿದ ಪಾದ ಹೆಚ್ಚು ಅಪಾಯಕಾರಿ. ಸಕ್ಕರೆ ಕಾಯಿಲೆಯಲ್ಲಿ ನರಗಳು ದುರ್ಬಲವಾಗಿ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಸಣ್ಣ ಗಾಯ ಕೊಳೆತು ಬೆರಳನ್ನೇ, ಕಾಲನ್ನೇ ಕತ್ತರಿಸುವ ಸ್ಥಿತಿ ಬರಬಹುದು. ವುಝೂ ಮಾಡುವಾಗ ದಿನಕ್ಕೊಮ್ಮೆಯಾದರೂ ಪಾದದಡಿ, ಬೆರಳುಗಳ ಸಂದು ಚೆನ್ನಾಗಿ ನೋಡಿ. ಬಿಸಿನೀರನ್ನು ಮೊದಲು ಮೊಣಕೈಯಿಂದ ಮುಟ್ಟಿ ಪರೀಕ್ಷಿಸಿ. ತೊಳೆದ ಮೇಲೆ ಬೆರಳುಗಳ ಸಂದನ್ನು ಒರೆಸಿ ಒಣಗಿಸಿ. 30 ದಾಟಿದವರು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.

ಹಿಮ್ಮಡಿ ನೋವಿಗೆ ಮನೆಯಲ್ಲೇ ಹೀಗೆ ಮಾಡಿ. ಗೋಡೆಗೆ ಕೈಯೂರಿ ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮೀನಖಂಡವನ್ನು 30 ಸೆಕೆಂಡು ಎಳೆಯಿರಿ. ದಿನಕ್ಕೆರಡು ಹೊತ್ತು, ಮೂರು ಮೂರು ಸಲ ಸಾಕು. ಅಡುಗೆ ಮನೆಯಲ್ಲೂ ಮೆತ್ತನೆಯ ಚಪ್ಪಲಿ ಹಾಕಿ. ಸ್ಪರ್ಶಜ್ಞಾನ ಸರಿಯಿದ್ದವರು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡಬಹುದು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಗುಣವಾಗುತ್ತದೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ, ಮೂತ್ರಪಿಂಡಕ್ಕೆ ಹಾನಿ.

ಉಳುಕಿದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಒಂದೇ ಕಾಲು ಊದಿ ಬಿಸಿಯಾದರೆ, ಜ್ವರ ಬಂದರೆ, ಸಕ್ಕರೆ ಕಾಯಿಲೆಯವರಿಗೆ ಗಾಯವಾದರೆ ಅಂದೇ ಆಸ್ಪತ್ರೆಗೆ ಹೋಗಿ. ನಮಾಝ್‌ನಲ್ಲಿ ಪಾದ ಮಡಚಿ ಕೂರಲು ಆಗದವರಿಗೆ ಕುರ್ಚಿಯಲ್ಲಿ ಕೂರುವ ರಿಯಾಯಿತಿಯಿದೆ. ನೋವನ್ನು ಅವುಡುಗಚ್ಚಿ ಸಹಿಸಿ ಪಾದವನ್ನು ಇನ್ನಷ್ಟು ಕೆಡಿಸಿಕೊಳ್ಳಬೇಡಿ.