ಗಂಡು ಹೆಚ್ಚೋ ಹೆಣ್ಣು ಹೆಚ್ಚೋ: ಬೆಳತನಕ ಗೀಗೀ ವಾದ

ಹಾಡಿಗೆ ನಿಲ್ಲುವ ಮುನ್ನ ದಪ್ಪನ್ನು ಬೆಂಕಿಗೆ ಹಿಡಿಯುತ್ತಾರೆ. ಕಾವು ತಾಗಿ ಚರ್ಮ ಬಿಗಿದ ಮೇಲೆ ಬೆರಳು ಬಡಿದರೆ ಖಣ್ಣನೆ ನುಡಿಯುತ್ತದೆ. ಹಿಮ್ಮೇಳದವರ ಕೈಯಲ್ಲಿ ತುಂತುಣಿ: ಮರದ ಸಣ್ಣ ಬುರುಡೆ, ಅದರ ತಳಕ್ಕೆ ಚರ್ಮ, ಬದಿಗೊಂದು ಕೋಲು, ಚರ್ಮದ ನಡುವಿನಿಂದ ಕೋಲಿನ ತುದಿಗೆ ಎಳೆದು ಕಟ್ಟಿದ ಒಂದೇ ತಂತಿ. ಜೊತೆಗೆ ತಾಳ. ಇಷ್ಟೇ ಸರಂಜಾಮಿನಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಗೀಗೀ ಮೇಳಗಳು ಜಾತ್ರೆಗಳಲ್ಲಿ ರಾತ್ರಿಯಿಡೀ ಹಾಡುತ್ತ ಬಂದಿವೆ.

ಹಾಡುವುದೆಂದರೆ ಇಲ್ಲಿ ವಾದಿಸುವುದು. ಗಂಡೇ ಹೆಚ್ಚು, ಶಿವನೇ ಮೂಲ ಎಂಬುದು ಹರದೇಶಿ ಮೇಳದ ಪಟ್ಟು. ಶಕ್ತಿಯಿಲ್ಲದೆ ಶಿವನಿಗೆಲ್ಲಿಯ ಬಲ ಎಂಬುದು ನಾಗೇಶಿಯವರ ತಿರುಗೇಟು. ಒಂದು ಮೇಳ ಪುರಾಣದೊಳಗಿನ ಒಗಟನ್ನು ಸವಾಲಾಗಿ ಒಡ್ಡಿದರೆ, ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು. ಕಂಠವೊಂದಿದ್ದರೆ ಸಾಲದು, ಪುರಾಣ ಗೊತ್ತಿರಬೇಕು, ಸಮಯಕ್ಕೆ ಮಾತು ಒದಗಬೇಕು. ನಾಗೇಶಿಯನ್ನು ಹೆಚ್ಚಾಗಿ ಹಾಡುವವರು ಹೆಣ್ಣುಮಕ್ಕಳು. ಊರೆದುರು ನಿಂತು ಗಂಡಸರ ವಾದವನ್ನು ಎಳೆಎಳೆಯಾಗಿ ಬಿಡಿಸಿ ಸೋಲಿಸುವ ಹಕ್ಕನ್ನು ಹಳ್ಳಿಯ ಹೆಣ್ಣಿಗೆ ಕೊಟ್ಟ ಕಲೆ ನಮ್ಮಲ್ಲಿ ಹೆಚ್ಚಿಲ್ಲ.

ಈ ವಾದದ ಬೇರು ಗಡಿಯಾಚೆಗೂ ಹರಡಿದೆ. ಮಹಾರಾಷ್ಟ್ರದಲ್ಲಿ ಕಲ್ಗಿಯವರು ಶಕ್ತಿಯ ಪರ, ತುರಾದವರು ಶಿವನ ಪರ. ತುಂತುಣಿ, ಲಾವಣಿಯ ಮಟ್ಟು, ಸವಾಲು-ಜವಾಬು ಎರಡೂ ಕಡೆಯವು. ಮರಾಠರ ಆಳ್ವಿಕೆ, ಆಮೇಲೆ 1956ರವರೆಗೂ ನಡೆದ ಮುಂಬಯಿಯ ಆಡಳಿತ ಈ ಸೀಮೆಯನ್ನು ಮರಾಠಿಯೊಂದಿಗೆ ಬೆಸೆದಿದ್ದವು. ಆದರೆ ಕನ್ನಡದ ಹಾಡುಗಾರರು ಎರವಲು ಚೌಕಟ್ಟಿಗೆ ತಮ್ಮ ನೆಲದ ನುಡಿಯನ್ನೇ ತುಂಬಿದರು. ಲಾವಣಿ ಕಟ್ಟಿದವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು.

ಹಾಡು ಸಂಗ್ರಹಿಸಿದವರೂ ಹಾಗೆಯೇ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಒಟ್ಟುಗೂಡಿ ಜನಪದರ ಬಾಯಿಂದ ಹಾಡು ಬರೆದುಕೊಂಡರು. 1931ರಲ್ಲಿ ತ್ರಿಪದಿಗಳ ‘ಗರತಿಯ ಹಾಡು’ ಬಂತು, ಆಮೇಲೆ ಲಾವಣಿಗಳ ‘ಜೀವನ ಸಂಗೀತ’. ವಿದ್ವಾಂಸರು ಲಾವಣಿಯನ್ನು ಕೀಳಾಗಿ ಕಂಡಿದ್ದ ದಿನಗಳವು.

ಸ್ವಾತಂತ್ರ್ಯ ಚಳವಳಿಯಲ್ಲಿ ಇದೇ ದಪ್ಪು ದೇಶಭಕ್ತಿಯ ಹಾಡಿಗೆ ನುಡಿಯಿತು. ಮುಂದೆ ಕುಟುಂಬ ಯೋಜನೆ, ಸಾಕ್ಷರತೆಯ ಪ್ರಚಾರಕ್ಕೂ.

ಈಗ ಉತ್ಸವಗಳ ವೇದಿಕೆಯಲ್ಲಿ ಗೀಗೀ ಮೇಳಕ್ಕೆ ಸಿಗುವುದು ಬಹುತೇಕ ಕೆಲವೇ ನಿಮಿಷ. ಅಷ್ಟರಲ್ಲಿ ದೇವರ ಸ್ತುತಿ ಮುಗಿದೀತು, ಸವಾಲು ಹುಟ್ಟಲಾರದು. ಉತ್ಸವ ಏರ್ಪಡಿಸುವವರು ಒಂದೇ ಮೇಳ ಕರೆಸಿ ಕೈತೊಳೆದುಕೊಳ್ಳದೆ, ಹರದೇಶಿ, ನಾಗೇಶಿ ಎರಡನ್ನೂ ಕರೆಸಿ ಕನಿಷ್ಠ ಒಂದು ರಾತ್ರಿಯನ್ನು ಅವರಿಗೆ ಬಿಟ್ಟುಕೊಡಲಿ.