ಬಾಯಿಪಾಠದ ಆಚೆಗಿನ ಪಾಠ

ಏಳನೇ ತರಗತಿ ಮುಗಿಸಿದ ಮಗನನ್ನು ಸಂಸ್ಕೃತ ಪಾಠಶಾಲೆಗೆ ಸೇರಿಸಬಹುದೇ ಎಂದು ಬಂಧುವೊಬ್ಬರು ಈಚೆಗೆ ನನ್ನನ್ನು ಕೇಳಿದರು. ಬಾಲ್ಯದಲ್ಲಿ ಆರು ವರ್ಷ ಅಂಥದೊಂದು ಪಾಠಶಾಲೆಯಲ್ಲಿ ಓದಿ, ಬಳಿಕ ಕಾಲೇಜು ಸೇರಿ, ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು ನಾನು. ಉತ್ತರ ನನ್ನಲ್ಲಿ ಸಿದ್ಧವಾಗಿರುತ್ತದೆಂದು ಅವರು ಭಾವಿಸಿದ್ದರು. ನನಗೆ ಎರಡು ದಿನ ಬೇಕಾಯಿತು.

ಆ ಪಠ್ಯಕ್ರಮದ ಮೊದಲ ಮೆಟ್ಟಿಲು ಅಮರಕೋಶ. ಮೂರು ಕಾಂಡಗಳು, ಸುಮಾರು 1,500 ಶ್ಲೋಕಗಳು. ಅದರ ಜೊತೆಗೆ ಶಬ್ದರೂಪ, ಧಾತುರೂಪ. ನಸುಕಿನಲ್ಲೆದ್ದು ಉರುಹೊಡೆದು ಗುರುಗಳಿಗೆ ಒಪ್ಪಿಸಬೇಕು. ಅರ್ಥದ ಮಾತು ಆಮೇಲೆ. ಎರಡನೆಯ ಮೆಟ್ಟಿಲು ರಘುವಂಶ. ಒಂದೊಂದು ಶ್ಲೋಕಕ್ಕೂ ಪದಚ್ಛೇದ, ಅನ್ವಯ, ಪ್ರತಿಪದಾರ್ಥ, ವಿಗ್ರಹವಾಕ್ಯ, ತಾತ್ಪರ್ಯ. ವ್ಯಾಖ್ಯಾನಕಾರ ಮಲ್ಲಿನಾಥ ಅಮರನನ್ನು ಉದ್ಧರಿಸಿದಾಗಲೆಲ್ಲ, ಅರ್ಥವರಿಯದೆ ಕಲಿತ ಸಾಲುಗಳು ಹಳೆಯ ಪರಿಚಿತರಂತೆ ಎದುರಾಗುತ್ತಿದ್ದವು. ಬಾಯಿಪಾಠ ಏತಕ್ಕೆಂಬುದು ನನಗೆ ತಿಳಿದದ್ದು ಆಗ.

ವ್ಯಾಕರಣಕ್ಕೆ ಹದಿನೇಳನೇ ಶತಮಾನದ ವರದರಾಜನ ಲಘುಸಿದ್ಧಾಂತಕೌಮುದಿ. ಪಾಣಿನಿಯ ಸುಮಾರು 4,000 ಸೂತ್ರಗಳಲ್ಲಿ ಮೂರನೆಯ ಒಂದು ಭಾಗದಷ್ಟನ್ನು ಆಯ್ದು ಮಕ್ಕಳಿಗೆ ಎಟುಕುವಂತೆ ಅವನು ಜೋಡಿಸಿದ. ಮೈಸೂರಿನಲ್ಲಿ 1876ರಲ್ಲಿ ಆರಂಭವಾದ ಮಹಾರಾಜ ಸಂಸ್ಕೃತ ಕಾಲೇಜು ಇಂಥ ಓದಿಗೆ ನಮ್ಮ ನಾಡಿನ ಹಿರಿಯ ನೆಲೆ. ಪ್ರಥಮಾ, ಕಾವ್ಯ, ಸಾಹಿತ್ಯ, ವಿದ್ವತ್ ಎಂದು ಏರುವ ಪರೀಕ್ಷೆಗಳ ಕ್ರಮ ಹಳೆಯ ತಲೆಮಾರಿಗೆ ಪರಿಚಿತವೇ.

ಈ ಶಿಕ್ಷಣ ಬರೀ ಗಿಳಿಪಾಠ ಎನ್ನುವವರು ಅನ್ನಂಭಟ್ಟನ ತರ್ಕಸಂಗ್ರಹದ ತರಗತಿಯಲ್ಲಿ ಒಂದು ದಿನ ಕುಳಿತು ನೋಡಬೇಕು. ಹೊಗೆ ಕಂಡರೆ ಬೆಟ್ಟದಲ್ಲಿ ಬೆಂಕಿ ಇದೆ ಎಂದು ಊಹಿಸಬಹುದು. ಆದರೆ ಬೆಂಕಿ ಇದೆ, ಆದ್ದರಿಂದ ಹೊಗೆಯೂ ಇದೆ ಎನ್ನಲಾಗದು. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಏಳಲು ಹಸಿ ಸೌದೆಯೂ ಬೇಕು. ಹೀಗೆ ಹೇತ್ವಾಭಾಸಗಳನ್ನು, ಅಂದರೆ ಸರಿಯೆಂದು ತೋರುವ ತಪ್ಪು ಕಾರಣಗಳನ್ನು, ಐದು ಬಗೆಯಾಗಿ ವಿಂಗಡಿಸಿ ಕಲಿಸುತ್ತಿದ್ದರು. ಮೊದಲು ಎದುರಾಳಿಯ ಪಕ್ಷವನ್ನು ಅವನೇ ಒಪ್ಪುವಷ್ಟು ನಿಷ್ಠೆಯಿಂದ ಮಂಡಿಸಬೇಕು, ಖಂಡನೆ ಅನಂತರ. ಸಾಲದ ಅರ್ಜಿಗಳನ್ನು ಪರಿಶೀಲಿಸುವಾಗ ನನಗೆ ಒದಗಿದ್ದು ಈ ಪಾಠವೇ. ದೂರದರ್ಶನದ ಚರ್ಚೆಗಳನ್ನು ನೋಡುವಾಗ ಈಗಲೂ ಅದೇ ನೆನಪಾಗುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾದೀತು. ನನ್ನ ಸಹಪಾಠಿಗಳೆಲ್ಲರೂ ಒಂದೇ ಜಾತಿಯ ಹುಡುಗರು. ನಾನು ಮನೆಯಲ್ಲಿ ಅಮರಕೋಶ ಉರುಹೊಡೆಯುತ್ತಿದ್ದಾಗ ಅಕ್ಕ ಅಕ್ಕಿ ಆರಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ನಾನು ತಡವರಿಸಿದಾಗ ಒಳಗಿನಿಂದ ಮುಂದಿನ ಪಾದ ಹೇಳಿಕೊಡುತ್ತಿದ್ದವಳು ಅವಳು. ಪಾಠಶಾಲೆಗೆ ಅವಳನ್ನು ಸೇರಿಸಿಕೊಳ್ಳಲಿಲ್ಲ. ಸೇರಿಸಿಕೊಳ್ಳಿ ಎಂದು ನಮ್ಮ ಮನೆಯವರಾರೂ ಕೇಳಲೂ ಇಲ್ಲ. ಎದುರಾಳಿಯ ಮಾತಿಗೆ ಅಷ್ಟು ಮನ್ನಣೆ ಕೊಟ್ಟ ವಿದ್ಯೆ, ಬಾಗಿಲಾಚೆ ನಿಂತವರ ಮಾತನ್ನು ಮಾತ್ರ ಪೂರ್ವಪಕ್ಷವಾಗಿಯೂ ಎತ್ತಿಕೊಳ್ಳಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಂಸ್ಕೃತವನ್ನು ಶಿಕ್ಷಣದ ಮುಖ್ಯವಾಹಿನಿಗೆ ತರುವ ಮಾತಾಡಿದೆ. ಸಂತೋಷವೇ. ಆದರೆ ನಾಲ್ಕು ಸುಭಾಷಿತ ಹೇಳಿಸಿ ಅಂಕ ಕೊಡುವುದರಿಂದ ಆ ಶಿಸ್ತು ಬಾರದು. ಕಷ್ಟದ ಗ್ರಂಥವೊಂದನ್ನು ಸಾಲುಸಾಲಾಗಿ ಬಿಡಿಸುವ ವ್ಯವಧಾನ, ತಪ್ಪು ಕಾರಣವನ್ನು ಗುರುತಿಸುವ ಕಣ್ಣು, ಇವೆರಡೂ ಕನ್ನಡದ ಮೂಲಕವೂ ಗಣಿತದ ಮೂಲಕವೂ ಸಾಮಾನ್ಯ ಶಾಲೆಗಳ ಎಲ್ಲ ಮಕ್ಕಳಿಗೆ ದೊರೆಯಬೇಕು. ಹಳೆಯ ಪಾಠಶಾಲೆಯಿಂದ ನಾವು ಎತ್ತಿಕೊಳ್ಳಬೇಕಾದದ್ದು ಇದನ್ನೇ.

ಬಂಧುವಿಗೆ ಕೊನೆಗೆ ಫೋನ್ ಮಾಡಿ ಹೇಳಿದೆ: 'ಸೇರಿಸಿ. ಆದರೆ ಗಣಿತ, ವಿಜ್ಞಾನಗಳ ಓದು ತಪ್ಪದಂತೆ ನೋಡಿಕೊಳ್ಳಿ.' ಅವರಿಗೆ ಸಮಾಧಾನವಾಯಿತು. ಬಳಿಕ ನಾನೊಂದು ಪ್ರಶ್ನೆ ಕೇಳಿದೆ: 'ಮಗಳೂ ಇದ್ದಾಳಲ್ಲ, ಅವಳ ವಿಷಯ ನೀವು ಕೇಳಲೇ ಇಲ್ಲವಲ್ಲ?'

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಅವಳನ್ನೇ ಕೇಳಿ ನೋಡುತ್ತೇನೆ ಎಂದರು.